ಕೆಟ್ಟದ್ದು ಬಾಯ್ಲರೋ, ರಿಪೇರಿಯ ಪದ್ಧತಿಯೋ?

ಬ್ರಿಟನ್ನಿನಲ್ಲಿ ನಾಲ್ಕರಲ್ಲಿ ಮೂರಕ್ಕೂ ಹೆಚ್ಚು ಮನೆಗಳು ಚಳಿಗಾಲ ಕಳೆಯುವುದು ಗ್ಯಾಸ್ ಬಾಯ್ಲರಿನ ಭರವಸೆಯ ಮೇಲೆ. ಅಡುಗೆಮನೆಯ ಕಪಾಟಿನೊಳಗೋ ಮೆಟ್ಟಿಲ ಕೆಳಗೋ ಗೋಡೆಗೆ ಬಿಗಿದ ಈ ಯಂತ್ರ ನೀರು ಕಾಯಿಸಿ ಕೋಣೆಕೋಣೆಯ ರೇಡಿಯೇಟರಿಗೆ ಕಳಿಸುತ್ತದೆ, ನಲ್ಲಿಗೂ ಬಿಸಿನೀರು ಕೊಡುತ್ತದೆ. ವರ್ಷಗಟ್ಟಲೆ ದುಡಿದು ಒಮ್ಮೆ ನಿಂತರೆ ಯಾರೂ ಕಂಗೆಡುವುದಿಲ್ಲ. ಕಂಗೆಡಿಸುವುದು ಬೇರೆ ತರಹದ ತೊಂದರೆ. ಒಂದೇ ಚಳಿಗಾಲದಲ್ಲಿ ಮೂರು ನಾಲ್ಕು ಸಲ ಬಾಯ್ಲರ್ ನಿಲ್ಲುತ್ತದೆ. ಪ್ರತಿ ಸಲವೂ ಬೇರೆ ಎಂಜಿನಿಯರ್ ಬಂದು, ಬೇರೆ ಬಿಡಿಭಾಗ ಬದಲಿಸಿ, ಬೇರೆ ಬಿಲ್ಲು ಕೊಟ್ಟು ಹೋಗುತ್ತಾರೆ. ವಾರ ಕಳೆಯುವಷ್ಟರಲ್ಲಿ ಮನೆ ಮತ್ತೆ ತಣ್ಣಗಾಗಿರುತ್ತದೆ.

ಈ ತಾಪತ್ರಯದ ಬೇರು ಎಲ್ಲಿದೆ, ಹಣ ಎಲ್ಲಿ ಸೋರುತ್ತದೆ, ಕಾನೂನು ಯಾರ ಪರ ನಿಲ್ಲುತ್ತದೆ, ರಿಪೇರಿ ಸಾಕು ಎನ್ನುವ ಹೊತ್ತು ಯಾವುದು ಎಂಬುದನ್ನು ಒಟ್ಟಾಗಿ ನೋಡುವುದು ಈ ಲೇಖನದ ಉದ್ದೇಶ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ಪದೇಪದೇ ಕೆಡುವ ಬಾಯ್ಲರಿನಲ್ಲಿ ಬಹಳ ಸಲ ಕೆಟ್ಟಿರುವುದು ಒಂದೇ ಸಂಗತಿ. ಅದನ್ನು ಯಾರೂ ಹುಡುಕದಿರುವುದರಿಂದ ಅದು ನಾಲ್ಕು ಬಿಲ್ಲುಗಳ ರೂಪ ತಾಳುತ್ತದೆ.

ಇದು ಅಲ್ಲಿ ನೆಲೆಸಿರುವ ಕನ್ನಡಿಗರ ಪ್ರಶ್ನೆಯೂ ಹೌದು. ವೈದ್ಯರಾಗಿ, ನರ್ಸುಗಳಾಗಿ, ಸಾಫ್ಟ್‌ವೇರ್ ಕೆಲಸಕ್ಕಾಗಿ, ಓದಿಗಾಗಿ ಹೋದವರಿಗೆ ಊರಿನಲ್ಲಿ ಗೀಸರ್ ಗೊತ್ತು, ಬಚ್ಚಲ ಹಂಡೆ ಗೊತ್ತು. ಇಡೀ ಮನೆಯನ್ನು ಬೆಚ್ಚಗಿಡುವ ವ್ಯವಸ್ಥೆಯ ತಿಳಿವಳಿಕೆ ಅಪ್ಪ ಅಮ್ಮನಿಂದ ಬಂದಿರುವುದಿಲ್ಲ. ಬಾಡಿಗೆ ಮನೆಗೆ ಕಾಲಿಟ್ಟ ಮೊದಲ ಚಳಿಗಾಲದಲ್ಲೇ ಅದನ್ನು ಕಲಿಯಬೇಕಾಗುತ್ತದೆ.

ಅರವತ್ತು ವರ್ಷಗಳ ಹಿಂದಿನಿಂದ

ಬ್ರಿಟನ್ನಿನ ಮನೆಗಳು ಮೊದಲಿನಿಂದಲೂ ಹೀಗೆ ಬೆಚ್ಚಗಿರಲಿಲ್ಲ. ಕಲ್ಲಿದ್ದಲ ಒಲೆಯಿದ್ದ ಒಂದು ಕೋಣೆ ಬಿಸಿ, ಮಿಕ್ಕಿದ್ದೆಲ್ಲ ತಣ್ಣಗೆ ಎಂಬುದೇ ವಾಡಿಕೆಯಾಗಿತ್ತು. 1952ರ ಲಂಡನ್ ಹೊಗೆಮಂಜು ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. 1956ರಲ್ಲಿ ಶುದ್ಧ ಗಾಳಿಯ ಕಾಯ್ದೆ ಬಂದು ಊರುಗಳಲ್ಲಿ ಹೊಗೆಯುಗುಳುವ ಒಲೆಗಳಿಗೆ ಕಡಿವಾಣ ಬಿತ್ತು. 1960ರ ದಶಕದಲ್ಲಿ ಉತ್ತರ ಸಮುದ್ರದ ತಳದಲ್ಲಿ ನೈಸರ್ಗಿಕ ಅನಿಲ ಸಿಕ್ಕಿತು. ಅಲ್ಲಿಯತನಕ ಬಳಕೆಯಲ್ಲಿದ್ದದ್ದು ಕಲ್ಲಿದ್ದಲಿನಿಂದ ತೆಗೆದ ಊರಗ್ಯಾಸು. 1967ರಿಂದ 1977ರ ನಡುವೆ ಮನೆಮನೆಗೂ ಹೋಗಿ ಸುಮಾರು ನಾಲ್ಕು ಕೋಟಿ ಗ್ಯಾಸ್ ಉಪಕರಣಗಳನ್ನು ಹೊಸ ಅನಿಲಕ್ಕೆ ಒಗ್ಗಿಸಿದರು. 1970ರಲ್ಲಿ ನೂರಕ್ಕೆ ಸುಮಾರು 30 ಮನೆಗಳಿಗಷ್ಟೇ ಸೆಂಟ್ರಲ್ ಹೀಟಿಂಗ್ ಇತ್ತು. ಇಂದು ಅದಿಲ್ಲದ ಮನೆ ನೂರಕ್ಕೆ ಐದೂ ಸಿಗುವುದಿಲ್ಲ.

ನಂತರದ ದೊಡ್ಡ ತಿರುವು 2005ರದು. ಆ ವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಹೊಸದಾಗಿ ಹಾಕುವ ಗ್ಯಾಸ್ ಬಾಯ್ಲರ್‌ಗಳು ಹೆಚ್ಚುಕಡಿಮೆ ಎಲ್ಲ ಕಡೆಯೂ ಕಂಡೆನ್ಸಿಂಗ್ ಬಗೆಯವೇ ಆಗಬೇಕೆಂಬ ನಿಯಮ ಬಂತು. ಹಳೆಯ ಬಾಯ್ಲರ್ ತನ್ನ ಹೊಗೆಯಲ್ಲಿದ್ದ ನೀರಾವಿಯ ಶಾಖವನ್ನು ಹೊರಗೆ ಬಿಟ್ಟುಬಿಡುತ್ತಿತ್ತು. ಹೊಸದು ಆ ಆವಿಯನ್ನು ನೀರಾಗಿಸಿ ಶಾಖವನ್ನು ಮರಳಿ ಪಡೆಯುತ್ತದೆ. ಅನಿಲ ಉಳಿಯಿತು ನಿಜ. ಜೊತೆಗೆ ಯಂತ್ರದೊಳಗೆ ಫ್ಯಾನು, ಸೆನ್ಸರು, ಎಲೆಕ್ಟ್ರಾನಿಕ್ ಬೋರ್ಡು, ಕಿರಿದಾದ ನೀರಿನ ದಾರಿಗಳು ಸೇರಿಕೊಂಡವು. ಪೈಪುಗಳಲ್ಲಿ ಮೂವತ್ತು ವರ್ಷಗಳಿಂದ ಸುತ್ತುತ್ತಿದ್ದ ಕೊಳಕು ನೀರನ್ನು ಹಳೆಯ ಎರಕದ ಕಬ್ಬಿಣದ ಬಾಯ್ಲರ್ ಹೇಗೋ ಸಹಿಸುತ್ತಿತ್ತು. ಅದೇ ನೀರಿಗೆ ಜೋಡಿಸಿದ ಹೊಸ ಬಾಯ್ಲರ್ ಸಹಿಸುವುದಿಲ್ಲ.

ಒಂದು ದೋಷ, ಹಲವು ಬಿಲ್ಲು

ಇಂದಿನ ಬಹುಪಾಲು ಮನೆಗಳಲ್ಲಿರುವುದು ಕಾಂಬಿ ಬಾಯ್ಲರ್. ಅದಕ್ಕೆ ಬೇರೆ ನೀರಿನ ತೊಟ್ಟಿ ಬೇಕಿಲ್ಲ. ರೇಡಿಯೇಟರುಗಳ ನೀರು ಮುಚ್ಚಿದ ಸುತ್ತಿನಲ್ಲಿ ಓಡುತ್ತದೆ. ಅದೇ ನೀರು ವರ್ಷಗಟ್ಟಲೆ ಕಾಯುತ್ತ, ಆರುತ್ತ ಇರುತ್ತದೆ. ತಣ್ಣಗಿರುವಾಗ ಅದರ ಒತ್ತಡ 1ರಿಂದ 1.5 ಬಾರ್ ಇರಬೇಕು.

ಕಾದ ನೀರು ಹಿಗ್ಗುತ್ತದೆ. ಹಿಗ್ಗಿದ ನೀರಿಗೆ ಜಾಗ ಕೊಡಲೆಂದೇ ಬಾಯ್ಲರಿನೊಳಗೆ ಎಕ್ಸ್‌ಪ್ಯಾನ್ಷನ್ ವೆಸಲ್ ಎಂಬ ಲೋಹದ ಡಬ್ಬಿಯಿದೆ. ಅದರ ನಡುವೆ ರಬ್ಬರಿನ ಪರದೆ, ಒಂದು ಕಡೆ ನೀರು, ಇನ್ನೊಂದು ಕಡೆ ಗಾಳಿ. ಕಾಲಕ್ರಮೇಣ ಆ ಗಾಳಿ ಸೋರುತ್ತದೆ. ಆಗ ಹಿಗ್ಗಿದ ನೀರಿಗೆ ಜಾಗವಿಲ್ಲದೆ ಒತ್ತಡದ ಮುಳ್ಳು 3 ಬಾರ್ ಮುಟ್ಟುತ್ತದೆ, ಸುರಕ್ಷಾ ವಾಲ್ವ್ ತೆರೆದು ನೀರನ್ನು ಹೊರಗಿನ ಗೋಡೆಯ ಪೈಪಿನಿಂದ ಚೆಲ್ಲುತ್ತದೆ. ಮನೆ ಆರಿದ ಮೇಲೆ ಒತ್ತಡ ಪಾತಾಳಕ್ಕಿಳಿದು ಬಾಯ್ಲರ್ ಲಾಕ್ ಆಗುತ್ತದೆ. ಮನೆಯವರು ಫಿಲ್ಲಿಂಗ್ ಲೂಪ್ ತಿರುಗಿಸಿ ನೀರು ತುಂಬುತ್ತಾರೆ, ಬಾಯ್ಲರ್ ಓಡುತ್ತದೆ. ಎರಡು ದಿನಕ್ಕೆ ಮತ್ತದೇ ಕತೆ.

ತೊಂದರೆ ಅಲ್ಲಿಗೇ ನಿಲ್ಲುವುದಿಲ್ಲ. ಪ್ರತಿ ಸಲ ತುಂಬುವ ಹೊಸ ನೀರಿನಲ್ಲಿ ಆಮ್ಲಜನಕ ಇರುತ್ತದೆ. ಅದು ಉಕ್ಕಿನ ರೇಡಿಯೇಟರನ್ನು ಒಳಗಿನಿಂದ ತಿನ್ನುತ್ತದೆ. ತುಕ್ಕು ಮ್ಯಾಗ್ನಟೈಟ್ ಎಂಬ ಕಪ್ಪು ಕೆಸರಾಗಿ ನೀರಿನೊಡನೆ ಸುತ್ತುತ್ತದೆ. ತುಕ್ಕು ತಡೆಯಲು ಹಾಕಿದ್ದ ಇನ್‌ಹಿಬಿಟರ್ ದ್ರಾವಣವೂ ಪ್ರತಿ ಸಲ ತೆಳುವಾಗುತ್ತದೆ. ಕೆಸರು ಪಂಪನ್ನು ಬಿಗಿಯುತ್ತದೆ, ಉರಿಯ ಶಾಖವನ್ನು ನೀರಿಗೆ ದಾಟಿಸುವ ಹೀಟ್ ಎಕ್ಸ್‌ಚೇಂಜರಿನ ಕಿರುದಾರಿಗಳನ್ನು ಕಟ್ಟುತ್ತದೆ, ನೀರನ್ನು ರೇಡಿಯೇಟರಿಗೋ ನಲ್ಲಿಗೋ ತಿರುಗಿಸುವ ಡೈವರ್ಟರ್ ವಾಲ್ವನ್ನು ನಡುದಾರಿಯಲ್ಲಿ ಸಿಕ್ಕಿಹಾಕಿಸುತ್ತದೆ. ಒಮ್ಮೆ ತೆರೆದ ಸುರಕ್ಷಾ ವಾಲ್ವಿನ ಸೀಟಿನಲ್ಲಿ ಕಸ ಕೂತು ಅದು ಪೂರ್ತಿ ಮುಚ್ಚದೆ ತೊಟ್ಟಿಕ್ಕುತ್ತಲೇ ಇರುತ್ತದೆ, ಒತ್ತಡ ಇನ್ನೂ ಬೇಗ ಇಳಿಯುತ್ತದೆ. ಹೀಗೆ ನವೆಂಬರಿನಲ್ಲಿ ಪಂಪು, ಡಿಸೆಂಬರಿನಲ್ಲಿ ವಾಲ್ವು, ಜನವರಿಯಲ್ಲಿ ಹೀಟ್ ಎಕ್ಸ್‌ಚೇಂಜರ್ ಬದಲಾಗುತ್ತವೆ. ಆದಿಯಲ್ಲಿ ಇದ್ದದ್ದು ವೆಸಲಿಗೆ ಗಾಳಿ ತುಂಬುವ, ಹೆಚ್ಚೆಂದರೆ ವೆಸಲನ್ನೇ ಬದಲಿಸುವ ಒಂದು ಕೆಲಸ.

ಒತ್ತಡ ಇಳಿಯುವುದಕ್ಕೆ ಇನ್ನೊಂದು ಕಾರಣ ನೆಲದಡಿಯ ಪೈಪಿನಲ್ಲೋ ರೇಡಿಯೇಟರಿನ ಕೀಲಿನಲ್ಲೋ ಇರುವ ಸಣ್ಣ ಸೋರಿಕೆ. ಎರಡನ್ನೂ ಬೇರ್ಪಡಿಸುವ ಸುಳಿವು ಒತ್ತಡದ ಗೇಜಿನಲ್ಲೇ ಇದೆ. ಕಾದಾಗ ಮುಳ್ಳು ಜಿಗಿದು ಆರಿದಾಗ ಕುಸಿದರೆ ವೆಸಲ್ಲಿನ ಮೇಲೆ ಅನುಮಾನ; ಕಾಯಲಿ ಆರಲಿ ನಿಧಾನವಾಗಿ ಇಳಿಯುತ್ತಲೇ ಇದ್ದರೆ ಸೋರಿಕೆಯ ಮೇಲೆ. ಕಾದಾಗಿನ ಮತ್ತು ಆರಿದಾಗಿನ ಒತ್ತಡದ ಅಂಕಿಗಳನ್ನು ಕೆಲವು ದಿನ ಬರೆದಿಟ್ಟವರು ಎಂಜಿನಿಯರಿಗೆ ಅರ್ಧ ಕೆಲಸ ಮಾಡಿಕೊಟ್ಟಂತೆ.

ನೀರು, ಮಂಜು, ಬೋರ್ಡು

ಎರಡನೆಯ ಗುಂಪಿನ ದೋಷ ಗಡಸು ನೀರಿನದು. ಸುಣ್ಣಕಲ್ಲಿನ ನೆಲದ ಲಂಡನ್, ಆಗ್ನೇಯ ಇಂಗ್ಲೆಂಡ್, ಈಸ್ಟ್ ಆಂಗ್ಲಿಯಾಗಳಲ್ಲಿ ನಲ್ಲಿನೀರೇ ಗಡಸು. ಕೋಲಾರದ ಬೋರ್‌ವೆಲ್ ನೀರು ಗೀಸರಿನ ಕಾಯಿಲಿಗೆ ಬಿಳಿ ಪೊರೆ ಕಟ್ಟಿಸುವಂತೆ ಅಲ್ಲಿಯ ನೀರು ಕಾಂಬಿ ಬಾಯ್ಲರಿನ ಪ್ಲೇಟ್ ಹೀಟ್ ಎಕ್ಸ್‌ಚೇಂಜರಿಗೆ ಪೊರೆ ಕಟ್ಟಿಸುತ್ತದೆ. ಸ್ನಾನದ ನಡುವೆ ನೀರು ಬಿಸಿ, ತಣ್ಣಗೆ, ಮತ್ತೆ ಬಿಸಿ ಆಗುವುದು ಇದರ ಲಕ್ಷಣ. ಪ್ಲೇಟನ್ನು ಬದಲಿಸಿ ಸುಣ್ಣ ತಡೆಯುವ ಉಪಾಯ ಮಾಡದಿದ್ದರೆ ಕೆಲವು ವರ್ಷಗಳಲ್ಲಿ ಅದೇ ಬಿಲ್ಲು ಮರಳಿ ಬರುತ್ತದೆ.

ಮೂರನೆಯದು ಮಂಜುಗಟ್ಟುವ ತೊಂದರೆ. ಕಂಡೆನ್ಸಿಂಗ್ ಬಾಯ್ಲರ್ ಆವಿಯಿಂದ ತೆಗೆದ ಆಮ್ಲೀಯ ನೀರು ಪ್ಲಾಸ್ಟಿಕ್ ಪೈಪಿನಲ್ಲಿ ಹೊರಗೆ ಹರಿಯುತ್ತದೆ. ಆ ಪೈಪು ತೆಳುವಾಗಿ, ಉದ್ದವಾಗಿ, ಗೋಡೆಯ ಹೊರಗೆ ಬತ್ತಲಾಗಿದ್ದರೆ ಕೊರೆಯುವ ರಾತ್ರಿಯಲ್ಲಿ ಹೆಪ್ಪುಗಟ್ಟುತ್ತದೆ. ಗುಳುಗುಳು ಸದ್ದು ಮಾಡಿ ಬಾಯ್ಲರ್ ನಿಲ್ಲುತ್ತದೆ. ಮಧ್ಯ ಇಂಗ್ಲೆಂಡಿನ ತಾಪಮಾನದ ದಾಖಲೆಯಲ್ಲಿ 1890ರ ನಂತರದ ಅತಿ ಚಳಿಯ ಡಿಸೆಂಬರ್ 2010ರದು. ಆಗ ಈ ಒಂದೇ ಕಾರಣಕ್ಕೆ ಬಾಯ್ಲರ್ ನಿಂತ ಮನೆಗಳು ದೇಶದುದ್ದಕ್ಕೂ ಇದ್ದವು. ಬೆಚ್ಚನೆಯ ನೀರು ಸುರಿದರೆ ಮಂಜು ಕರಗುತ್ತದೆ, ಆದರೆ ಕುದಿಯುವ ನೀರು ಪೈಪನ್ನು ಸೀಳುತ್ತದೆ, ನೆಲದಲ್ಲಿ ಹೆಪ್ಪುಗಟ್ಟಿ ಕಾಲು ಜಾರಿಸುತ್ತದೆ. ಪ್ರತಿ ವರ್ಷ ಹೆಪ್ಪುಗಟ್ಟುವ ಪೈಪಿಗೆ ನಿಜವಾದ ಪರಿಹಾರ ಅದನ್ನು ಮನೆಯೊಳಗಿನಿಂದ ಸಾಗಿಸುವುದು. ಆಗದಿದ್ದರೆ ಹೊರಗಿನ ಭಾಗವನ್ನು 32 ಮಿಲಿಮೀಟರಿಗೆ ಹಿಗ್ಗಿಸಿ, ಮೋಟು ಮಾಡಿ, ಹೊದಿಕೆ ಹಾಕುವುದು.

ನಾಲ್ಕನೆಯದು ಎಲೆಕ್ಟ್ರಾನಿಕ್ ಬೋರ್ಡು. ಕಾರಣ ತಿಳಿಯದಾಗ ಅನುಮಾನ ಬೀಳುವುದು ಇದರ ಮೇಲೆ, ದುಬಾರಿಯೂ ಇದೇ. ಬೋರ್ಡು ಕೆಡುತ್ತದೆ, ಸುಳ್ಳಲ್ಲ. ಆದರೆ ಮೇಲಿನ ಯಾವುದೋ ಕೀಲಿನಿಂದ ಹನಿ ಬಿದ್ದು ಅದು ಸುಟ್ಟಿದ್ದರೆ, ಆ ಹನಿಯನ್ನು ನಿಲ್ಲಿಸದೆ ಹಾಕಿದ ಹೊಸ ಬೋರ್ಡೂ ಅದೇ ದಾರಿ ಹಿಡಿಯುತ್ತದೆ.

ಐದನೆಯದು ಕಣ್ಣಿಗೆ ಬೀಳುವುದೇ ಇಲ್ಲ. ನಲ್ಲಿಗೆ ಥಟ್ಟನೆ ಬಿಸಿನೀರು ಬೇಕೆಂದು 24ರಿಂದ 30 ಕಿಲೋವಾಟಿನ ಕಾಂಬಿ ಹಾಕಿರುತ್ತಾರೆ. ಸಾಮಾನ್ಯ ಮನೆಯನ್ನು ಚಳಿಯ ದಿನ ಬೆಚ್ಚಗಿಡಲು ಅದರ ಮೂರನೇ ಒಂದು ಭಾಗವೂ ಸಾಕಾಗುತ್ತದೆ. ಹೆಚ್ಚಿದ ಶಾಖಕ್ಕೆ ಹೋಗಲು ದಾರಿಯಿಲ್ಲದೆ ಬಾಯ್ಲರ್ ಹತ್ತುತ್ತ ಆರುತ್ತ ಇರುತ್ತದೆ. ಫ್ಯಾನು, ಇಗ್ನಿಷನ್, ವಾಲ್ವು ಬೇಗ ಸವೆಯುತ್ತವೆ. ಮನೆಗೆ ಹೋಗುವ ನೀರಿನ ಉಷ್ಣತೆಯನ್ನು 60 ಡಿಗ್ರಿಯ ಆಸುಪಾಸಿಗೆ ಇಳಿಸಿ, ಬಾಯ್ಲರಿನ ಹೀಟಿಂಗ್ ಶಕ್ತಿಯನ್ನು ಮನೆಗೆ ತಕ್ಕಂತೆ ಹೊಂದಿಸಿದರೆ ಈ ಸವೆತ ತಗ್ಗುತ್ತದೆ, ಗ್ಯಾಸಿನ ಬಿಲ್ಲೂ ತಗ್ಗುತ್ತದೆ. ಮರಳುವ ನೀರು ಸುಮಾರು 55 ಡಿಗ್ರಿಗಿಂತ ಕೆಳಗಿದ್ದಾಗಲೇ ಕಂಡೆನ್ಸಿಂಗ್ ಎಂಬ ಹೆಸರು ಸಾರ್ಥಕವಾಗುವುದು. ಬೇರೆ ಬಿಸಿನೀರಿನ ಸಿಲಿಂಡರ್ ಇರುವ ಮನೆಗಳಲ್ಲಿ ಮಾತ್ರ ಹುಷಾರು: ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯದಂತೆ ಸಿಲಿಂಡರಿನ ನೀರು 60 ಡಿಗ್ರಿ ಮುಟ್ಟಬೇಕು.

ಸುರಕ್ಷತೆಯ ಗೆರೆ

ಮನೆಯವರು ಮಾಡಬಹುದಾದ ಕೆಲಸಗಳು ಇವು: ಒತ್ತಡ ನೋಡುವುದು, ನೀರು ತುಂಬುವುದು, ರೇಡಿಯೇಟರಿನ ಗಾಳಿ ಬಿಡುವುದು, ಹೆಪ್ಪುಗಟ್ಟಿದ ಪೈಪು ಕರಗಿಸುವುದು, ಒಂದೆರಡು ಸಲ ರಿಸೆಟ್ ಒತ್ತುವುದು. ಬಾಯ್ಲರಿನ ಮುಚ್ಚಳ ತೆಗೆಯುವ, ಗ್ಯಾಸಿನ ಭಾಗ ಮುಟ್ಟುವ ಕೆಲಸ ಗ್ಯಾಸ್ ಸೇಫ್ ರಿಜಿಸ್ಟರ್‌ನಲ್ಲಿ ಹೆಸರಿರುವವರದು ಮಾತ್ರ. 2009ರ ಏಪ್ರಿಲ್‌ನಲ್ಲಿ ಹಳೆಯ ಕಾರ್ಗಿ ನೋಂದಣಿಯ ಜಾಗಕ್ಕೆ ಇದು ಬಂತು. ಎಂಜಿನಿಯರಿನ ಗುರುತುಚೀಟಿಯ ಹಿಂಬದಿಯಲ್ಲಿ ಯಾವ ಯಾವ ಕೆಲಸಕ್ಕೆ ಅರ್ಹತೆಯಿದೆ ಎಂಬುದು ಬರೆದಿರುತ್ತದೆ. ಕೇಳಿ ನೋಡುವುದು ಸಂಕೋಚದ ವಿಷಯವಲ್ಲ.

ಪದೇಪದೇ ಲಾಕ್ ಆಗುವ ಬಾಯ್ಲರನ್ನು ರಿಸೆಟ್ ಒತ್ತಿಯೇ ಓಡಿಸುತ್ತಿರುವುದು ಅಪಾಯ. ಅನಿಲ ಸರಿಯಾಗಿ ಉರಿಯದಿದ್ದರೆ ಬಣ್ಣ ವಾಸನೆ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಮನೆಯಲ್ಲಿದ್ದಾಗ ತಲೆನೋವು, ವಾಕರಿಕೆ, ಹೊರಗೆ ಹೋದರೆ ಹಗುರ ಎನಿಸಿದರೆ ಬಾಯ್ಲರ್ ಆರಿಸಿ, ಕಿಟಕಿ ತೆರೆದು ಹೊರಬರಬೇಕು. ಗ್ಯಾಸ್ ತುರ್ತು ಸಹಾಯವಾಣಿ 0800 111 999 ಹಗಲು ರಾತ್ರಿ ಉತ್ತರಿಸುತ್ತದೆ. ಬಾಡಿಗೆ ಮನೆಯಲ್ಲಿ ಬಾಯ್ಲರ್ ಇರುವ ಕೋಣೆಗೆ ಮಾಲೀಕರು ಕಾರ್ಬನ್ ಮೊನಾಕ್ಸೈಡ್ ಅಲಾರಂ ಹಾಕಿಸಲೇಬೇಕೆಂದು ಇಂಗ್ಲೆಂಡಿನಲ್ಲಿ 2022ರ ಅಕ್ಟೋಬರ್‌ನಿಂದ ನಿಯಮವಿದೆ.

ಹಣ ಹೋಗುವ ದಾರಿಗಳು

ವಾರ್ಷಿಕ ಸರ್ವೀಸಿಗೆ ಸುಮಾರು 100 ಪೌಂಡ್. ಬೋರ್ಡು, ಫ್ಯಾನು, ಹೀಟ್ ಎಕ್ಸ್‌ಚೇಂಜರಿನಂಥ ಒಂದೊಂದು ರಿಪೇರಿಗೂ ಕೂಲಿ ಸೇರಿ ಕೆಲವು ನೂರು ಪೌಂಡ್. ಇಡೀ ಸುತ್ತಿನ ಕೆಸರು ತೊಳೆಯುವ ಪವರ್ ಫ್ಲಶ್ಶಿಗೂ ಅಷ್ಟೇ. ಹೊಸ ಕಾಂಬಿ ಕೂರಿಸಲು ಎರಡು ಸಾವಿರದಿಂದ ಮೂರೂವರೆ ಸಾವಿರದವರೆಗೆ ಹೋಗಬಹುದು. ಒಂದೇ ಚಳಿಗಾಲದ ಮೂರು ಕುರುಡು ರಿಪೇರಿ ಹೊಸ ಬಾಯ್ಲರಿನ ಅರ್ಧ ಬೆಲೆಯನ್ನು ನುಂಗುವುದು ಹೀಗೆ.

ಕುರುಡು ರಿಪೇರಿ ನಡೆಯುವುದಕ್ಕೆ ಎಂಜಿನಿಯರುಗಳ ದುರಾಸೆಯೇ ಕಾರಣವೆಂದರೆ ಅನ್ಯಾಯವಾದೀತು. ಚಳಿಗಾಲದಲ್ಲಿ ಅವರಿಗೆ ದಿನಕ್ಕೆ ಹಲವು ಮನೆ. ಅವರು ಬಂದ ಹೊತ್ತಿಗೆ ಬಾಯ್ಲರ್ ಸರಿಯಾಗಿಯೇ ಓಡುತ್ತಿರಬಹುದು. ಹಿಂದಿನ ಸಲ ಯಾರು ಏನು ಮಾಡಿದರು ಎಂಬ ದಾಖಲೆ ಅವರ ಕೈಯಲ್ಲಿಲ್ಲ. ದುಡ್ಡು ಸಿಗುವುದು ಬದಲಿಸಿದ ಭಾಗಕ್ಕೆ. ಎರಡು ಗಂಟೆ ಕೂತು ಕಾರಣ ಹುಡುಕಿದ್ದಕ್ಕೆ ಕೊಡುವವರು ಕಡಿಮೆ. ಈ ಪದ್ಧತಿಯನ್ನು ಗ್ರಾಹಕ ತನ್ನ ಕಡೆಯಿಂದ ಬದಲಿಸಬಹುದು. ಕರೆಯುವಾಗಲೇ ಕಾರಣ ಹುಡುಕುವ ಕೆಲಸಕ್ಕೆ ಎಷ್ಟು ಎಂದು ಕೇಳಬೇಕು. ಈ ಭಾಗ ಏಕೆ ಕೆಟ್ಟಿತು ಎಂಬುದನ್ನು ಬಿಲ್ಲಿನಲ್ಲೇ ಬರೆಸಿಕೊಳ್ಳಬೇಕು. ತೆಗೆದ ಭಾಗವನ್ನು ನೋಡಬೇಕು. ಕೆಟ್ಟ ದಿನ, ಎರರ್ ಕೋಡ್, ತಣ್ಣಗಿನ ಮತ್ತು ಬಿಸಿಯ ಒತ್ತಡ, ನೀರು ತುಂಬಿದ ದಿನಗಳು, ಹೊರಗಿನ ಚಳಿ, ಆದ ಕೆಲಸ, ಕೊಟ್ಟ ಹಣ ಇಷ್ಟನ್ನೂ ಒಂದೇ ಪುಸ್ತಕದಲ್ಲಿ ಬರೆಯಬೇಕು. ಸಾಧ್ಯವಾದಷ್ಟೂ ಒಬ್ಬರನ್ನೇ ಕರೆಯಬೇಕು.

ತಿಂಗಳ ಕಂತಿನ ಬಾಯ್ಲರ್ ಕವರ್ ಹಲವರ ದಾರಿ. ಒಂಟಿಯಾಗಿರುವ ವೃದ್ಧರಿಗೆ, ಒಮ್ಮೆಲೇ ದೊಡ್ಡ ಮೊತ್ತ ಕೊಡಲಾರದವರಿಗೆ ಅದರ ನೆಮ್ಮದಿ ದೊಡ್ಡದು. ಆದರೆ ಸೇರುವ ಮುನ್ನ ಸಣ್ಣ ಅಕ್ಷರ ಓದಬೇಕು. ಪ್ರತಿ ಭೇಟಿಗೆ ಕೈಯಿಂದ ಕೊಡುವ ಮೊತ್ತ ಎಷ್ಟು? ಕೆಸರು, ಸುಣ್ಣದಿಂದ ಆದ ಹಾನಿ ಸೇರಿದೆಯೇ? ಮೊದಲೇ ಇದ್ದ ದೋಷಕ್ಕೆ ರಕ್ಷಣೆಯಿದೆಯೇ? ರಿಪೇರಿಗೆ ಬೆಲೆಬಾಳದ ಯಂತ್ರ ಎಂದು ಘೋಷಿಸಿದರೆ ಹೊಸದನ್ನು ಕೊಡುತ್ತಾರೆಯೇ? ಪದೇಪದೇ ಕೆಡುವ ಬಾಯ್ಲರಿಗೆ ಈ ನಾಲ್ಕು ಪ್ರಶ್ನೆಗಳೇ ಜೀವಾಳ. ಹೊಸ ಬಾಯ್ಲರಿಗಾದರೆ ತಯಾರಕರ ವಾರಂಟಿ ಐದರಿಂದ ಹತ್ತು ವರ್ಷ, ಕೆಲವಕ್ಕೆ ಇನ್ನೂ ಹೆಚ್ಚು ಇರುತ್ತದೆ. ಒಂದು ವರ್ಷ ಸರ್ವೀಸ್ ತಪ್ಪಿದರೂ ಅದು ಬಿದ್ದುಹೋಗಬಹುದು.

ಕಾನೂನು ಕೊಡುವ ಬಲ

2015ರ ಗ್ರಾಹಕ ಹಕ್ಕು ಕಾಯ್ದೆಯ ಪ್ರಕಾರ ಯಾವುದೇ ಸೇವೆಯನ್ನು ತಕ್ಕ ಎಚ್ಚರ ಮತ್ತು ಕೌಶಲದಿಂದ ಮಾಡಬೇಕು. ಹಾಗೆ ಮಾಡದಿದ್ದರೆ ಮತ್ತೆ ಹಣ ಕೊಡದೆ ಕೆಲಸವನ್ನು ಸರಿಯಾಗಿ ಮಾಡಿಸಿಕೊಳ್ಳುವ, ಅದು ಆಗದಿದ್ದರೆ ಬೆಲೆ ಇಳಿಸಿಕೊಳ್ಳುವ ಹಕ್ಕಿದೆ. ಒಂದೇ ದೋಷಕ್ಕೆ ಎರಡನೇ ಬಾರಿ ಬಿಲ್ಲು ಬಂದಾಗ ಮೊದಲು ನೆನೆಯಬೇಕಾದದ್ದು ಇದು. 100 ಪೌಂಡಿಗಿಂತ ಹೆಚ್ಚು, 30,000 ಮೀರದ ಬೆಲೆಯ ಬಾಯ್ಲರನ್ನು ಕ್ರೆಡಿಟ್ ಕಾರ್ಡಿನಲ್ಲಿ ಕೊಂಡಿದ್ದರೆ 1974ರ ಕಾಯ್ದೆಯ ಸೆಕ್ಷನ್ 75 ಕಾರ್ಡು ಕೊಟ್ಟವರನ್ನೂ ಹೊಣೆಯಾಗಿಸುತ್ತದೆ. ಕವರ್ ಯೋಜನೆ ವಿಮೆಯ ರೂಪದಲ್ಲಿದ್ದರೆ ದೂರಿಗೆ ಎಂಟು ವಾರದೊಳಗೆ ತೃಪ್ತಿಕರ ಉತ್ತರ ಸಿಗದಾಗ ಫೈನಾನ್ಷಿಯಲ್ ಒಂಬುಡ್ಸ್‌ಮನ್ ಬಳಿ ಉಚಿತವಾಗಿ ಹೋಗಬಹುದು. ಕೊನೆಯ ದಾರಿ ಸಣ್ಣ ಮೊತ್ತದ ವ್ಯಾಜ್ಯ ಕೇಳುವ ಸ್ಮಾಲ್ ಕ್ಲೇಮ್ಸ್ ನ್ಯಾಯಾಲಯ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಅದರ ಮಿತಿ 10,000 ಪೌಂಡ್. ಎಲ್ಲ ಕಡೆಯೂ ಗೆಲ್ಲಿಸುವುದು ಆ ದಾಖಲೆ ಪುಸ್ತಕ.

ಬಾಡಿಗೆದಾರರ ಸ್ಥಿತಿ ಬೇರೆ. 1985ರ ಲ್ಯಾಂಡ್‌ಲಾರ್ಡ್ ಅಂಡ್ ಟೆನೆಂಟ್ ಕಾಯ್ದೆಯ ಸೆಕ್ಷನ್ 11ರಂತೆ ಇಂಗ್ಲೆಂಡಿನಲ್ಲಿ ಹೀಟಿಂಗ್ ಮತ್ತು ಬಿಸಿನೀರಿನ ವ್ಯವಸ್ಥೆಯನ್ನು ಸುಸ್ಥಿತಿಯಲ್ಲಿಡುವುದು ಮಾಲೀಕರ ಕರ್ತವ್ಯ. ಬಾಡಿಗೆ ಕರಾರಿನಲ್ಲಿ ಏನೇ ಬರೆದಿದ್ದರೂ ಆ ಖರ್ಚನ್ನು ಬಾಡಿಗೆದಾರರ ಮೇಲೆ ಹಾಕುವಂತಿಲ್ಲ. ಸ್ಕಾಟ್ಲೆಂಡ್, ವೇಲ್ಸ್‌ಗಳಲ್ಲೂ ಇಂಥದೇ ಕಟ್ಟಳೆಗಳಿವೆ. 1998ರ ಗ್ಯಾಸ್ ಸುರಕ್ಷತಾ ನಿಯಮಗಳಂತೆ ವರ್ಷಕ್ಕೊಮ್ಮೆ ತಪಾಸಣೆ ಕಡ್ಡಾಯ, 28 ದಿನದೊಳಗೆ ಅದರ ಪ್ರತಿ ಬಾಡಿಗೆದಾರರಿಗೆ ಸಿಗಬೇಕು. ತಪಾಸಣೆ ಸುರಕ್ಷತೆಯನ್ನು ನೋಡುತ್ತದೆ. ಅದು ಸರ್ವೀಸಿಗೆ ಬದಲಲ್ಲ ಎಂಬುದನ್ನೂ ನೆನಪಿಡಬೇಕು.

ದೂರು ಸದಾ ಬರಹದಲ್ಲಿರಲಿ. ಮಾಲೀಕರು ಕಿವಿಗೊಡದಿದ್ದರೆ ಸ್ಥಳೀಯ ಕೌನ್ಸಿಲ್‌ನ ಪರಿಸರ ಆರೋಗ್ಯ ವಿಭಾಗಕ್ಕೆ ಬರೆಯಬಹುದು. ವಿಪರೀತ ಚಳಿ ಅಲ್ಲಿ ವಸತಿಯ ಅಪಾಯಗಳ ಪಟ್ಟಿಯಲ್ಲೇ ಇದೆ. ಸಿಟ್ಟಿನಲ್ಲಿ ಬಾಡಿಗೆ ತಡೆಹಿಡಿಯುವುದು ಮಾತ್ರ ಬೇಡ. ಬಾಕಿಯೇ ಮನೆ ಬಿಡಿಸಲು ನೆಪವಾಗಬಹುದು. ಹೊಸದಾಗಿ ಬಂದ ನಮ್ಮವರು ವೀಸಾಕ್ಕೂ ಉಲ್ಲೇಖಪತ್ರಕ್ಕೂ ಅಂಜಿ ಚಳಿಯಲ್ಲೇ ಕೂರುವುದುಂಟು. ರಿಪೇರಿ ಕೇಳುವುದು ಯಾವ ವೀಸಾಕ್ಕೂ ಧಕ್ಕೆ ತರುವ ತಪ್ಪಲ್ಲ.

ಸಾಕು ಎನ್ನುವ ಹೊತ್ತು

ಬಾಯ್ಲರಿನ ಸಾಮಾನ್ಯ ಆಯಸ್ಸು ಹತ್ತರಿಂದ ಹದಿನೈದು ವರ್ಷ. ಅದನ್ನು ದಾಟಿದ, ಬಿಡಿಭಾಗ ಸಿಗದ, ಮುಖ್ಯ ಹೀಟ್ ಎಕ್ಸ್‌ಚೇಂಜರೇ ಸೀಳಿದ ಬಾಯ್ಲರಿಗೆ ಹಣ ಸುರಿಯುವುದರಲ್ಲಿ ಅರ್ಥವಿಲ್ಲ. ಏಳು ವರ್ಷದ ಬಾಯ್ಲರ್ ಕೆಸರಿನಿಂದ ನರಳುತ್ತಿದ್ದರೆ ಯಂತ್ರ ಬದಲಿಸುವ ಮೊದಲು ನೀರನ್ನು ಶುದ್ಧಗೊಳಿಸಬೇಕು. ಕೊಳಕು ನೀರಿಗೆ ಹೊಸ ಬಾಯ್ಲರ್ ಜೋಡಿಸಿದರೆ ಹಳೆಯ ರೋಗ ಹೊಸ ದೇಹಕ್ಕೆ ಅಂಟುತ್ತದೆ. 2019ರ ಬ್ರಿಟಿಷ್ ಮಾನದಂಡ ಬಿಎಸ್ 7593 ಹೇಳುವುದೂ ಇದನ್ನೇ: ಸುತ್ತನ್ನು ತೊಳೆದು, ಇನ್‌ಹಿಬಿಟರ್ ಹಾಕಿ, ಶಾಶ್ವತವಾಗಿ ಫಿಲ್ಟರ್ ಕೂರಿಸಿ, ವರ್ಷವರ್ಷ ನೀರನ್ನು ಪರೀಕ್ಷಿಸಬೇಕು.

ಗ್ಯಾಸನ್ನೇ ಬಿಟ್ಟು ಹೀಟ್ ಪಂಪಿಗೆ ಹೋಗುವ ಆಯ್ಕೆಯೂ ಇದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಬಾಯ್ಲರ್ ಅಪ್‌ಗ್ರೇಡ್ ಯೋಜನೆ 2023ರ ಅಕ್ಟೋಬರ್‌ನಿಂದ ಗಾಳಿಯಿಂದ ಶಾಖ ತೆಗೆಯುವ ಪಂಪಿಗೆ 7,500 ಪೌಂಡ್ ಸಹಾಯಧನ ಕೊಡುತ್ತ ಬಂದಿದೆ. ಅದೂ ಕಡಿಮೆ ಉಷ್ಣತೆಯ, ಶುದ್ಧ ನೀರಿನ, ಸರಿಯಾಗಿ ಅಳೆದ ರೇಡಿಯೇಟರಿನ ಶಿಸ್ತನ್ನೇ ಕೇಳುತ್ತದೆ. ಬಾಯ್ಲರಿನಲ್ಲಿ ಮಾಡಿದ ಅಲಕ್ಷ್ಯವನ್ನು ಹೀಟ್ ಪಂಪು ಕ್ಷಮಿಸುವುದಿಲ್ಲ.

ಈ ಇಡೀ ಲೆಕ್ಕದಲ್ಲಿ ಹೆಚ್ಚು ಕಳೆದುಕೊಳ್ಳುವವರು ಬಡವರು. ಉಳಿತಾಯ ಇಲ್ಲದವರಿಗೆ ಅಗ್ಗದ ತಾತ್ಕಾಲಿಕ ರಿಪೇರಿಯೊಂದೇ ಗತಿ, ಕೊನೆಗೆ ಅದೇ ಅವರನ್ನು ಹೆಚ್ಚು ಸುಲಿಯುತ್ತದೆ. ಸರ್ಕಾರದ ನೆರವು ಬಿಲ್ಲಿನ ರಿಯಾಯಿತಿಗೂ ಹೊಸ ಯಂತ್ರಕ್ಕೂ ಹರಿಯುತ್ತದೆ. ಇರುವ ವ್ಯವಸ್ಥೆಯ ರೋಗ ಹುಡುಕಿ ವಾಸಿಮಾಡುವ ಕೆಲಸಕ್ಕೆ ಹರಿಯುವುದು ತೀರಾ ಕಡಿಮೆ. ಕಡಿಮೆ ಆದಾಯದ ಮನೆಗಳಿಗೆ ವರ್ಷಕ್ಕೊಮ್ಮೆ ಉಚಿತ ಸರ್ವೀಸ್ ಮತ್ತು ನೀರಿನ ಪರೀಕ್ಷೆ ಸಿಕ್ಕರೆ ಎಷ್ಟೋ ಬಾಯ್ಲರ್‌ಗಳು ಪೂರ್ತಿ ಆಯಸ್ಸು ಬದುಕುತ್ತವೆ. ಪ್ರತಿ ಬಾಯ್ಲರಿಗೂ ಮನೆ ಬದಲಾದರೂ ಜೊತೆಗೇ ಉಳಿಯುವ ರಿಪೇರಿ ಚರಿತ್ರೆ ಇದ್ದರೆ ಮುಂದಿನ ಎಂಜಿನಿಯರ್ ಕತ್ತಲಲ್ಲಿ ತಡಕಾಡಬೇಕಿಲ್ಲ. ಇವೆರಡೂ ದುಬಾರಿ ಸುಧಾರಣೆಗಳಲ್ಲ.

ಅವು ಬರುವವರೆಗೆ ಮನೆಯವರ ಕೈಯಲ್ಲಿರುವ ಅಸ್ತ್ರ ಒಂದೇ. ಎರಡನೇ ಸಲ ಬಾಯ್ಲರ್ ನಿಂತಾಗ ಯಾವ ಭಾಗ ಹಾಕುತ್ತೀರಿ ಎಂದು ಕೇಳುವ ಮೊದಲು ಹಿಂದಿನ ರಿಪೇರಿ ಏಕೆ ನಿಲ್ಲಲಿಲ್ಲ ಎಂದು ಕೇಳಬೇಕು. ಅದಕ್ಕೆ ಒಪ್ಪುವ ಉತ್ತರ ಸಿಗುವತನಕ ಮೂರನೇ ಬಿಡಿಭಾಗಕ್ಕೆ ಹಣ ಕೊಡಬಾರದು.